ಪುತ್ತೂರು ಕೋರ್ಟಿನಲ್ಲಿ ನಾನು ಹೇಳಿದ್ದು

ಪುತ್ತೂರು, 1963

ದೇವಮ್ಮಾ,

ಈ ಕಾಗದ ನಿನಗೆ ತಲುಪುವುದಿಲ್ಲ, ಆದರೂ ನಿನಗೇ ಹೇಳಬೇಕು. ಇವತ್ತು ನಿನ್ನ ಸಾವಿನ ಕೇಸು ಮುಗಿಯಿತು. ಒದ್ದೆ ರಸ್ತೆಯಲ್ಲಿ ಕಾರು ಜಾರಿ ನಿನಗೆ ಬಡಿಯಿತು, ಅದರಲ್ಲಿ ಕಾರು ಓಡಿಸುತ್ತಿದ್ದ ನನ್ನ ಅಪ್ಪನ ತಪ್ಪಿಲ್ಲ ಎಂದು ತೀರ್ಪಾಯಿತು. ಅಪ್ಪನ ಪಕ್ಕದಲ್ಲಿ ಕೂತಿದ್ದ ನಾನೇ ಸಾಕ್ಷಿ. ವಕೀಲರು ವೇಗದ ಬಗ್ಗೆ ಕೇಳಿದಾಗ, ಅಪ್ಪನ ಮುಖ ನೋಡಿ, "ನಿಧಾನ ಇತ್ತು" ಎಂದೆ. ಆ ದಿನ ಕಡಬದ ತಿರುವಿನಲ್ಲಿ "ಮೆಲ್ಲ ಹೋಗಿ ಅಪ್ಪ" ಎಂದು ಕೂಗಿದವಳೂ ನಾನೇ.

ಹೊರಗೆ ನಿನ್ನ ಅಮ್ಮ ಕಾಯುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕೈ ಹಿಡಿದುಕೊಂಡರು.

"ಕಾರು ನಿಧಾನ ಇತ್ತಲ್ಲ ಗೋದಾವರಿ, ಹಾಗಾದ್ರೆ ನನ್ನ ಮಗಳಿಗೆ ಹೆಚ್ಚು ನೋವಾಗಿರ್ಲಿಕ್ಕಿಲ್ಲ ಅಲ್ವಾ?"

"ಇಲ್ಲ ಅಮ್ಮ" ಎಂದೆ.

ಅವರು ನನ್ನ ತಲೆ ಸವರಿ ಬಸ್ಸು ಹತ್ತಿದರು.

ಗೋದಾವರಿ