ಮೊದಲ ಪ್ರಶ್ನೆ ಯಾರ ಬಗ್ಗೆ

ಸುಳ್ಯ, ೧೨-೨-೧೯೮೪

ಸೊಪ್ಪು ಸಮೀಕ್ಷೆಯ ಮೇಲಧಿಕಾರಿಗಳಿಗೆ ಪದ್ಮಯ್ಯ ಗೌಡನ ವಂದನೆಗಳು.

ಎರಡು ಊರಿನ ಉತ್ತರಗಳು ತದ್ವಿರುದ್ಧವಾಗಿರುವುದರಿಂದ, ಅವನ್ನು ನಾನು ಮನೆಯಲ್ಲೇ ಕೂತು ಬರೆದೆನೆಂದು ತಮಗೆ ಸಂಶಯ. ಕೆಲಸ ಹೋಗಬಹುದೆಂದೂ ತಿಳಿಸಿದ್ದೀರಿ. ನಡೆದದ್ದು ಇಷ್ಟು.

ಇಚಿಲಂಪಾಡಿಯಲ್ಲಿ, ತೋಟದ ಗೊಬ್ಬರಕ್ಕೆ ಕಾಡಿನ ಸೊಪ್ಪು ಕಡಿಯುವಾಗ, ಮರ ಸಾಯದಂತೆ ತುದಿ ಉಳಿಸುತ್ತೀರಾ ಎಂದು ಮೊದಲು ಕೇಳಿದೆ. "ಉಳಿಸದೆ ಎಂತ ಮಾರಾಯ್ರೆ!" ಎಂದರು ದುಗ್ಗಪ್ಪ. ಊರವರು? "ಅವರೂ ಉಳಿಸ್ತಾರೆ."

ಕಾಣಿಯೂರಿಗೆಂದು ತಾವು ಕಳಿಸಿದ ಪ್ರಶ್ನೆಪಟ್ಟಿಯಲ್ಲಿ ಊರವರ ಬಗೆಗಿನ ಪ್ರಶ್ನೆ ಮೊದಲಿತ್ತು. "ಊರವರಾ? ಬೋಳಿಸಿ ಬಿಡ್ತಾರೆ!" ಎಂದರು ಸೀತಕ್ಕ. ನೀವು? "ನಾನೊಬ್ಬಳು ಉಳಿಸಿ ಎಂತ ಮಾಡುದು?"

ಅನುಮಾನ ಬಂದು ಅರಂತೋಡಿನಲ್ಲಿ ಒಂದು ಮನೆಯಲ್ಲಿ ಅವರ ಬಗ್ಗೆ ಮೊದಲು, ಮುಂದಿನ ಮನೆಯಲ್ಲಿ ಊರವರ ಬಗ್ಗೆ ಮೊದಲು ಕೇಳಿದೆ. ಅಲ್ಲೂ ಅದೇ: ಪ್ರಶ್ನೆ ಹಿಂದುಮುಂದು, ಉತ್ತರ ಬೇರೊಂದು. ಪ್ರಾಸ ನನ್ನ ಹಳೆಯ ಕಾಯಿಲೆ, ಕ್ಷಮಿಸಿ. ಆದರೆ ಇದನ್ನು ಪತ್ತೆ ಮಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ, ನನಗೆ ಹೆಮ್ಮೆಯಿದೆ. ದಯವಿಟ್ಟು ಉತ್ತರಗಳನ್ನು ಎಸೆಯಬೇಡಿ.

ವಿಚಾರಣೆಗೆ ಬರುವಿರಂತೆ, ಬನ್ನಿ. ಒಂದೇ ವಿನಂತಿ: ಪದ್ಮಯ್ಯ ಎಂಥ ಮನುಷ್ಯನೆಂದು ಊರವರನ್ನು ಕೇಳುವ ಮೊದಲು ನನ್ನನ್ನು ಕೇಳಿ.

ಈ ಕ್ಷಣದವರೆಗೆ ತಮ್ಮ ಸಮೀಕ್ಷಕ,
ಪದ್ಮಯ್ಯ ಗೌಡ, ಬಿ.ಎ.