ಪೋಲೆಂಡಿನ ಬಾಂದುಕಲ್ಲು

ಪಾರ್ವತಿನಗರ, ಬಳ್ಳಾರಿ
೨೯ ಡಿಸೆಂಬರ್ ೧೯೮೯

ಸಿರುಗುಪ್ಪದಲ್ಲಿರುವ ನನ್ನ ಯಜಮಾನರಾದ ಉಜ್ಜಿನಪ್ಪನವರಿಗೆ ದಾಕ್ಷಾಯಣಿಯ ಶರಣು.

ನಾನು ಆರಾಮಾಗಿದ್ದೇನೆ. ನೀವೂ ಆರಾಮಾಗಿದ್ದೀರಿ ಎಂದು ನಿಮ್ಮ ಕಾಲೇಜಿನ ಮೈಲಾರಪ್ಪನವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದರು. ಹೇಳಿದವರು ಒಬ್ಬರೇ, ಅದೂ ನಿಮ್ಮ ಕಡೆಯವರು. ಹಾಗಾಗಿ ಅರ್ಧ ಮಾತ್ರ ನಂಬಿದೆ. ಕೆಮ್ಮು ಇನ್ನೂ ಹೋಗಿಲ್ಲ ಎಂದು ಬಾಯಿತಪ್ಪಿ ಅಂದುಬಿಟ್ಟರು ನೋಡಿ, ಅದನ್ನು ಪೂರ್ತಿ ನಂಬಿದೆ.

ಹಬ್ಬಕ್ಕೂ ಕಾಗದ ಬರೆಯದವಳು ಈಗ ಯಾಕೆ ಬರೆದಳು ಅಂತ ನಿಮಗೆ ಗೊತ್ತು. ಈ ವಾರದ ಪೇಪರು ನೀವೂ ಓದಿದ್ದೀರಿ. ಮೂಲೆಯಲ್ಲಿ ಬೆರಳುದ್ದದ ಸುದ್ದಿ. ೧೯೩೯ರಲ್ಲಿ ಹಿಟ್ಲರನ ಸರ್ಕಾರಕ್ಕೂ ಸ್ಟಾಲಿನ್ನನ ಸರ್ಕಾರಕ್ಕೂ ಆದ ಒಪ್ಪಂದದ ಹಿಂದೆ ಒಂದು ಗುಟ್ಟಿನ ಕರಾರು ಇತ್ತು, ಪೋಲೆಂಡ್ ಮೊದಲಾದ ದೇಶಗಳನ್ನು ಹಂಚಿಕೊಳ್ಳುವ ಕರಾರು, ಅದು ಇದ್ದದ್ದು ನಿಜ ಎಂದು ಮಾಸ್ಕೋದ ಸಂಸತ್ತೇ ಒಪ್ಪಿಕೊಂಡಿದೆ. ಕೈಯಲ್ಲಿದ್ದ ಚಹಾ ಆರಿಹೋಯಿತು. ಗೆದ್ದೆ ಅನ್ನಿಸಬೇಕಿತ್ತು. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಅನ್ನಿಸಿತು ಕೂಡ. ಆಮೇಲೆ ಎದುರಿನ ಕುರ್ಚಿ ನೋಡಿದೆ. ಅಲ್ಲಿ ಒಗೆದ ಬಟ್ಟೆ ಬಿದ್ದಿತ್ತು. ಗೆದ್ದದ್ದನ್ನು ಯಾರಿಗೆ ಹೇಳಬೇಕೋ ಅವರು ಸಿರುಗುಪ್ಪದಲ್ಲಿ ಕೆಮ್ಮುತ್ತಾ ಕೂತಿದ್ದಾರೆ.

ಕನ್ನಡದ ಹುಡುಗರಿಗೆ ಲೋಕದ ಇತಿಹಾಸ ಬರೆಯೋಣ ಎಂದವರು ನೀವು. ಒಂದು ಅಧ್ಯಾಯ ನಿಮ್ಮದು, ಒಂದು ನನ್ನದು, ಹೀಗೆ ಎಷ್ಟು ಚೆಂದ ನಡೆದಿತ್ತು! ಕೌಲ್ ಬಜಾರಿನ ಕರೀಮಸಾಬರ ಪ್ರೆಸ್ಸಿನಿಂದ ಪ್ರೂಫ್ ತಂದು, ಇದೇ ಮೇಜಿನ ಎರಡು ಬದಿಗೆ ಕೂತು, ನಾನು ನಿಮ್ಮ ಅಲ್ಪಪ್ರಾಣ ತಿದ್ದುವುದು, ನೀವು ನನ್ನ ಇಸವಿ ತಿದ್ದುವುದು. ೧೯೩೯ಕ್ಕೆ ಬಂದು ಗಾಡಿ ನಿಂತಿತು. ಅಧ್ಯಾಯದ ಹೆಸರು ‘ಯುದ್ಧ ಬೇಡವೆಂಬ ಒಪ್ಪಂದ’ ಎಂದು ನೀವು ಬರೆದಿರಿ. ನಾನು ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ‘ಪಾಲು’ ಎಂದು ಬರೆದೆ. ಎರಡೇ ಅಕ್ಷರ. ಮನೆ ಒಡೆಯಲು ಅಷ್ಟು ಸಾಕಾಯಿತು.

ಆ ಕರಾರು ಇದ್ದುದಕ್ಕೆ ಏನು ಆಧಾರ ಎಂದಿರಿ. ಸೋತ ಜರ್ಮನಿಯ ಕಡತಗಳಲ್ಲಿ ಫಿಲ್ಮಿನ ನಕಲು ಸಿಕ್ಕಿತು, ಅದನ್ನು ಅಮೆರಿಕದವರು ಅಚ್ಚು ಹಾಕಿಸಿದ್ದಾರೆ ಎಂದೆ. “ಅಸಲು ಎಲ್ಲೈತಿ? ಅಮೆರಿಕದೋರು ಅಚ್ಚು ಹಾಕಿದ್ದೆಲ್ಲಾ ನಿನಗ ವಚನ ಆಗೇತೇನ?” ಎಂದು ಮೇಜು ಗುದ್ದಿದಿರಿ. ನಾನು ಸುಮ್ಮನಿರಬಹುದಿತ್ತು. ಕುರುಗೋಡಿನ ಒಕ್ಕಲಿಗರ ಮನೆಯವಳು, ಸುಮ್ಮನೆ ಇರುವುದು ನಮ್ಮ ರಕ್ತದಲ್ಲಿಲ್ಲ. ನಮ್ಮಪ್ಪನೂ ದೊಡ್ಡಪ್ಪನೂ ಹೊಲ ಹಂಚಿಕೊಂಡಾಗ ಪಾಲುಪಟ್ಟಿ ಬರೆಸಲಿಲ್ಲ ಎಂದು ಹೇಳಿದೆ. ಆದರೆ ಬಾಂದುಕಲ್ಲಿನಾಚೆ ದೊಡ್ಡಪ್ಪನ ಕುಂಟೆ ಎಂದೂ ಬರಲಿಲ್ಲ, ಈಚೆಯಿಂದ ನಮ್ಮೆತ್ತು ಎಂದೂ ಹೋಗಲಿಲ್ಲ. ಪಾಲಾಗಿದೆ ಎನ್ನುವುದಕ್ಕೆ ಮತ್ತೇನು ಕಾಗದ ಬೇಕು? ಪೋಲೆಂಡಿಗೆ ಪಡುವಣದಿಂದ ಜರ್ಮನಿ ನುಗ್ಗಿತು, ಮೂಡಣದಿಂದ ರಷ್ಯ ಬಂತು, ನಡುವೆ ಒಂದು ಗೆರೆಗೆ ಇಬ್ಬರೂ ಹೊಡೆದಾಡದೆ ನಿಂತರು. ಅಲ್ಲಿ ಕಲ್ಲು ನೆಟ್ಟವರು ಯಾರು ಎಂದು ಕೇಳಿದೆ.

ನಿಮ್ಮ ಎರಡನೆಯ ಮಾತು ಮಾತ್ರ ನನಗೆ ನಾಟಿತು. ಅಮೆರಿಕದವರ ಪುಸ್ತಕದ ಕಾಗದಗಳು ೧೯೩೯ರಿಂದಲೇ ಶುರುವಾಗುತ್ತವೆ ನೋಡು, ಅದರ ಹಿಂದಿನ ವರ್ಷ ಇಂಗ್ಲೆಂಡು ಫ್ರಾನ್ಸುಗಳು ಮ್ಯೂನಿಕ್ಕಿನಲ್ಲಿ ಕೂತು ಚೆಕ್ಕರ ನೆಲ ಕೊಯ್ದು ಹಿಟ್ಲರನಿಗೆ ಕೊಟ್ಟವಲ್ಲ, ಆ ಕಾಗದ ಇದರಲ್ಲಿ ಯಾಕಿಲ್ಲ ಎಂದಿರಿ. ತಮಗೆ ಬೇಕಾದಲ್ಲಿಂದ ಕಥೆ ಶುರು ಮಾಡುವುದೂ ಒಂದು ಸುಳ್ಳೇ ಎಂದಿರಿ. ಆ ಮಾತು ನಿಜ. ಇಂದಿಗೂ ಕ್ಲಾಸಿನಲ್ಲಿ ಹೇಳುತ್ತೇನೆ, ಯಾರ ಮಾತೆಂದು ಹೇಳುವುದಿಲ್ಲ ಅಷ್ಟೇ. ಆಮೇಲೆ, “ಹಿಟ್ಲರನ್ನ ಮುರಿಯಾಕ ರಷ್ಯದಾಗ ಎರಡು ಕೋಟಿ ಜನ ಸತ್ತಾರ. ಅವರನ್ನ ಪಾಲುದಾರರು ಅಂತಿಯಲ್ಲ, ನಿನ್ನ ಬಾಯಾಗ ಹೆಂಗ ಬಂತು?” ಎಂದಾಗ ನಿಮ್ಮ ದನಿ ಒಡೆಯಿತು. ಸತ್ತವರನ್ನು ನಾನು ಅನ್ನಲಿಲ್ಲ, ಸಹಿ ಹಾಕಿದವರನ್ನು ಅಂದೆ. ಅದನ್ನು ಹೇಳುವಷ್ಟರಲ್ಲಿ ನೀವು ಚಪ್ಪಲಿ ಮೆಟ್ಟಿದ್ದಿರಿ.

ತಿಂಗಳೊಪ್ಪತ್ತಿನಲ್ಲಿ ಸಿರುಗುಪ್ಪಕ್ಕೆ ವರ್ಗವಾಯಿತು. “ಸರಕಾರ ಹಾಕೇತಿ, ನಾ ಏನ ಮಾಡ್ಲಿ?” ಎಂದಿರಿ. ನಾನೂ ಓಣಿಯವರಿಗೆಲ್ಲ ಅದನ್ನೇ ಹೇಳಿದೆ. ನೋಡಿ, ನಮ್ಮಿಬ್ಬರದೂ ಎಂಥ ಒಪ್ಪಂದ! ಬಹಿರಂಗದ ಕರಾರಿನಲ್ಲಿ ವರ್ಗಾವಣೆ, ಒಳಗಿನದರಲ್ಲಿ ಪಾಲು. ಯುಗಾದಿಗೆ ನಿಮ್ಮೂರಿಗೆ ಹೋಗಿ, ಅತ್ತೆಯವರೆದುರು ಪಕ್ಕಪಕ್ಕ ಕೂತು ಹೋಳಿಗೆ ತಿಂದು, ನೀವೊಂದು ಬಸ್ಸು, ನಾನೊಂದು ಬಸ್ಸು.

ಅತ್ತೆಯವರು ಏನು ಕುರುಡರೇ? ಕಳೆದ ಸಲ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, “ಎಲ್ಲಾರ ಮನ್ಯಾಗ ಸೀರಿಗೆ ಜಗಳ ಆಡತಾರ, ಬಂಗಾರಕ್ಕ ಜಗಳ ಆಡತಾರ. ನೀವು ಯಾವ ಊರಿನ ಹೊಲಕ್ಕ ಜಗಳ ಆಡಿದ್ರೆವ್ವಾ? ಆ ಹೊಲ ನಿಮಗ ಬರ್ತೈತೇನು?” ಎಂದರು. ನನಗೆ ನಗುವೂ ಬಂತು, ಅಳುವೂ ಬಂತು. ಒಗ್ಗರಣೆ ಹೊಗೆ ಎಂದು ಕಣ್ಣೊರೆಸಿಕೊಂಡೆ.

ವರ್ಗಾವಣೆ ನೀವೇ ಕೇಳಿ ಹಾಕಿಸಿಕೊಂಡಿರಿ ಎಂದು ನನಗೆ ಆಗಲೇ ಅನುಮಾನ. ಕಾಗದ ಯಾವುದೂ ಇಲ್ಲ. ಆದರೆ ಸಿರುಗುಪ್ಪದಿಂದ ದಿನವೂ ಎಷ್ಟು ಮಂದಿ ಬಳ್ಳಾರಿಗೆ ಓಡಾಡುವುದಿಲ್ಲ? ಅಕ್ಕಿ ಮಿಲ್ಲಿನ ಲಾರಿಯಲ್ಲಿ ಕೂತರೂ ರಾತ್ರಿ ಊಟಕ್ಕೆ ಮನೆ ಮುಟ್ಟಬಹುದು. ಮೈಲಾರಪ್ಪನವರೇ ದಿನಾ ಬಂದು ಹೋಗುತ್ತಾರೆ. ನೀವು ಮಾತ್ರ ಅಲ್ಲೇ ಕೋಣೆ ಮಾಡಿದಿರಿ. ನನ್ನ ಬಾಂದುಕಲ್ಲು ಅದು. ಕೇಳಿದರೆ ಆಧಾರ ಎಲ್ಲಿ ಎನ್ನುತ್ತೀರಿ ಎಂದು ಕೇಳಲಿಲ್ಲ. ನಾನೂ ಹಟಮಾರಿ, ನೀವೂ ಹಟಮಾರಿ.

ಈ ವಾರದ ಸುದ್ದಿಯಲ್ಲಿ ನನಗೆ ಹಿಡಿಸಿದ್ದು ಏನು ಗೊತ್ತೇ? ಅಸಲು ಇನ್ನೂ ಸಿಕ್ಕಿಲ್ಲವಂತೆ. ನೀವು ಹೇಳಿದ್ದು ಅಲ್ಲಿಗೆ ಸರಿ. ಆದರೂ ನಕಲನ್ನು ಪರೀಕ್ಷಿಸಿ, ಆಮೇಲೆ ನಡೆದದ್ದೆಲ್ಲ ಅದರಲ್ಲಿ ಬರೆದಂತೆಯೇ ನಡೆದಿದೆ ಎಂಬುದನ್ನೂ ನೋಡಿ, ಕರಾರು ಇತ್ತು ಎಂದು ಒಪ್ಪಿದರಂತೆ. ಅಲ್ಲಿಯೂ ಯಾರೋ ನಮ್ಮ ಕುರುಗೋಡಿನವರು ಇದ್ದಾರೆ ಅಂದುಕೊಂಡೆ. ತಮ್ಮ ಹಿರಿಯರ ತಪ್ಪನ್ನು ತಾವೇ ಸಭೆಯಲ್ಲಿ ಹೇಳುವುದು ಸಣ್ಣ ಮಾತಲ್ಲ. ನಿಮ್ಮ ರಷ್ಯದ ಬಗ್ಗೆ ಅಂದು ನನಗೆ ಗೌರವವೇ ಬಂತು. ನೀವಿದ್ದಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದೆ.

ನಿನ್ನೆ ಕರೀಮಸಾಬರ ಪ್ರೆಸ್ಸಿಗೆ ಹೋಗಿದ್ದೆ. ನಮ್ಮ ಅಧ್ಯಾಯದ ಅಚ್ಚುಮೊಳೆಗಳನ್ನು ಬಿಚ್ಚಿ ಎಷ್ಟೋ ಮದುವೆ ಕಾರ್ಡು ಹೊಡೆದಾಯಿತು. “ನಿಮ್ಮ ಪೋಲೆಂಡು ಮುಗೀತೇನ್ರಿ ಮೇಡಮ್ಮಾರೇ? ಸಾಹೇಬರನ್ನ ಕರಕೊಂಡು ಬರ್ರಿ, ಹೊಸದಾಗಿ ಜೋಡಿಸಾಣ” ಎಂದರು. ನನ್ನ ಯೋಚನೆ ಹೀಗಿದೆ. ಅಧ್ಯಾಯದ ಹೆಸರು ‘ಪಾಲು’ ಎಂದೇ ಇರಲಿ. ಆದರೆ ಅದು ಮ್ಯೂನಿಕ್ಕಿನಿಂದ ಶುರುವಾಗಲಿ, ಅದನ್ನು ನೀವು ಬರೆಯಿರಿ. ಎರಡು ಕೋಟಿ ಜನರಿಂದ ಮುಗಿಯಲಿ, ಅದನ್ನೂ ನೀವೇ ಬರೆಯಿರಿ. ನನ್ನ ಕೈಗೆ ಅದು ಬರುವುದಿಲ್ಲ. ಯಾವ ಮಾತು ಯಾರ ಕಡತದಿಂದ ಬಂತು, ಆ ಕಡತ ತೆರೆದವರಿಗೆ ಏನು ಬೇಕಾಗಿತ್ತು ಎಂದು ಕೆಳಗೆ ಇಬ್ಬರೂ ಸೇರಿ ಬರೆಯೋಣ. ಹುಡುಗರು ಓದಿ ತಾವೇ ತೀರ್ಮಾನಿಸಲಿ.

ಇದನ್ನು ಅಂಚೆಯಲ್ಲಿ ಮಾಡಲು ಆಗುವುದಿಲ್ಲ. ಒಂದೇ ಮೇಜು ಬೇಕು. ಕುರ್ಚಿಯ ಮೇಲಿನ ಬಟ್ಟೆ ಮಡಚಿಟ್ಟಿದ್ದೇನೆ. ಒಪ್ಪಿಕೊಳ್ಳಲು ಮಾಸ್ಕೋಗೆ ಐವತ್ತು ವರ್ಷ ಬೇಕಾಯಿತು. ನನಗೆ ಅಷ್ಟು ಪುರುಸೊತ್ತಿಲ್ಲ. ನೀವು ಬೇಕು, ಅಷ್ಟೇ.

ಬಿಸಿನೀರು ಕುಡಿಯಿರಿ, ಬೀಡಿ ಬಿಡಿ.

ನಿಮ್ಮವಳೇ ಆದ
ದಾಕ್ಷಾಯಣಿ

ತಾ.ಕ.: ಮೇಲೆ ಕಾಗದ ಯಾವುದೂ ಇಲ್ಲ ಎಂದು ಬರೆದಿದ್ದೇನಲ್ಲ, ಅದು ಪೂರ್ತಿ ನಿಜವಲ್ಲ. ಗಂಡ ಹೆಂಡತಿ ಒಂದೇ ಊರಲ್ಲಿರಲು ಅವಕಾಶವಿದೆಯಂತೆ, ನಿಮ್ಮನ್ನು ಬಳ್ಳಾರಿಗೆ ಕೊಡಿ ಎಂದು ಮೊನ್ನೆ ಇಲಾಖೆಗೆ ಹೋಗಿ ಅರ್ಜಿ ಕೊಟ್ಟೆ. ಗುಮಾಸ್ತರು ಹಳೆಯ ಕಡತ ತೆಗೆದು, “ಅಮ್ಮಾರೇ, ಅವಾಗ ಸಾಹೇಬರೇ ಬರಕೊಟ್ಟು ಕೇಳ್ಯಾರಲ್ರಿ ಸಿರುಗುಪ್ಪ” ಎಂದು ನನ್ನ ಮುಂದಿಟ್ಟರು. ನಕಲಲ್ಲ, ಅಸಲೇ. ನಿಮ್ಮ ‘ಉ’ಕಾರದ ಬಾಲ ನನಗೆ ಗೊತ್ತಿಲ್ಲವೇ? “ಇಲ್ರೀ, ಇದು ನಮ್ಮ ಮನಿಯವರ ಸಹಿ ಅಲ್ಲ. ಅಮೆರಿಕದೋರು ಯಾರೋ ಖೋಟಾ ಮಾಡಿರಬೇಕು” ಎಂದು ಹೇಳಿ ಎದ್ದು ಬಂದೆ.