ಸೆರಗಿನ ಕೊಂಡಿ

ವಕೀಲರಾದ ಅನಿಲಕುಮಾರ ಅವರಿಗೆ,

ಈ ಮಾತನ್ನು ಬರೆಯದೆ ಬಿಡಬೇಕೆಂದಿದ್ದೆ. ನಮ್ಮ ನೇಕಾರರ ಸಂಘದ ಗುರುತಿನ ಚೀಟಿಯನ್ನು ಪವರ್‌ಲೂಮ್ ಸೀರೆಗೆ ಅಂಟಿಸಿ ಮಾರುವ ವ್ಯಾಪಾರಿಯ ಮೇಲೆ ದಾವೆ ಹೂಡಲು ಮೊನ್ನೆ ನಾನೂ ಅಂಬವ್ವನೂ ವಿದ್ಯಾಗಿರಿಯ ನಿಮ್ಮ ಕಚೇರಿಗೆ ಬಂದಿದ್ದೆವು. "ಹದಿನೆಂಟು ವರ್ಷ ಸಿಮೆಂಟು, ಗ್ರಾನೈಟು ವ್ಯಾಪಾರದ ಕೇಸುಗಳನ್ನೇ ನಡೆಸಿದ್ದೇನೆ, ಸೀರೆಯದು ಇದೇ ಮೊದಲು" ಎಂದಿರಿ. ಆದರೆ ನಾವು ಮಾದರಿಗೆಂದು ತಂದ ಕೈಮಗ್ಗದ ಸೀರೆ ಕೈಗೆ ಬಂದೊಡನೆ ತಿರುವಿ, ಒಡಲಿಗೆ ಸೆರಗು ಕೂಡುವ ಕೊಂಡಿಯನ್ನೇ ಬೆರಳಿನಿಂದ ಹುಡುಕಿದಿರಿ. ಕೈಮಗ್ಗದ್ದೋ ಅಲ್ಲವೋ ಎಂದು ಹಾಗೆ ನೋಡುವವರು ನೇಕಾರರು, ಇಲ್ಲವೇ ನಕಲು ಮಾಡುವವರು.

ಆ ಸೀರೆ ನೇಯ್ದ ಅಂಬವ್ವ ಮರಳುವಾಗ ಬಸ್ಸಿನಲ್ಲಿ ಅಂದರು: "ಯವ್ವಾ, ನೀ ಇಂಗ್ಲಿಷ್ ಸಾಲಿ ಕಲತಾಕಿ, ಅವರ ಬೋರ್ಡ್ ಓದಿದಿ. ನಾ ಕೈ ನೋಡಿದ್ನಿ. ಆ ಕೈಗೆ ಯಾರೋ ಕಲಿಸ್ಯಾರ."

ನನ್ನ ಅನುಮಾನ ತಪ್ಪಿರಬಹುದು. ನಿಮ್ಮ ಮನೆಯಲ್ಲೂ ಮಗ್ಗವಿತ್ತೇನೋ, ಅದನ್ನು ಆ ದಿನ ನಾನು ಕೇಳಲಿಲ್ಲ. ಆ ವ್ಯಾಪಾರಿಯ ಪರ ಎಂದಾದರೂ ಕೆಲಸ ಮಾಡಿದ್ದೀರಾ? ಉತ್ತರ ಬರೆದು ಸಹಿ ಮಾಡಿ ಕಳಿಸಿರಿ. ಅಲ್ಲಿಯವರೆಗೆ ವಕಾಲತ್ತಿಗೆ ನಾನು ಸಹಿ ಹಾಕಲಾರೆ.

ನಿಮ್ಮಲ್ಲಿ ಬಿಟ್ಟುಬಂದ ಸೀರೆಯನ್ನು ಅಂಬವ್ವನೇ ಬಂದು ಒಯ್ಯುತ್ತಾರೆ. ನಕಲಿಗೆಂದು ಯಾರಾದರೂ ಕೊಂಡಿ ಬಿಚ್ಚಿ ಮತ್ತೆ ಹಾಕಿದ್ದರೆ ಅವರಿಗೆ ತಿಳಿಯುತ್ತದೆ.

ಇಂತಿ,
ಪದ್ಮಶ್ರೀ
ಇಳಕಲ್

ಎರಡು ದಿನ ಇಟ್ಟುಕೊಂಡು, ಇನ್ನೊಮ್ಮೆ ಓದಿ, ನವೆಂಬರ್ ಹದಿನೇಳು, ಸೋಮವಾರ ಅಂಚೆಗೆ ಹಾಕುತ್ತೇನೆ.